ಹೊಳೆಯಲ್ಲಿ ಕೂಗಿದ ಹೆಸರು

"ಕಮಲಾಬಾಯೀ... ಬಾರವ್ವಾ, ಮನೆಗೆ ಹೋಗೋಣ!" ಹೊಳೆಯ ಮೊಣಕಾಲುದ್ದ ನೀರಲ್ಲಿ ನಿಂತು ಗೇಂದಲಾಲ್ ಮೂರನೆಯ ಸಲ ಕೂಗಿ, ನೀರಲ್ಲಿ ಹರವಿದ್ದ ಪಂಚೆಯನ್ನು ಮೇಲೆತ್ತಿದ. ನೀರು ಸೋರಿಹೋಯಿತು. ಮೀನಿಲ್ಲ, ಹುಳವಿಲ್ಲ.

ದಡದಲ್ಲಿ ಅವನ ಅಪ್ಪ, ಮುದುಕ ಪುಸು ಟೇಕಾಮ ಕೂತಿದ್ದ. ಬೆಳಿಗ್ಗೆಯಷ್ಟೇ ಮುದುಕನ ಹೆಂಡತಿಯನ್ನು ಇಪ್ಪೆಮರದಡಿ ಮಣ್ಣು ಮಾಡಿ ಬಂದಿದ್ದರು. ಮಣ್ಣು ಬಿಟ್ಟ ಜೀವ ಹೊಳೆಗಿಳಿಯುತ್ತದೆ. ಹೆಸರು ಹಿಡಿದು ಕರೆದರೆ ಮೀನೋ ಹುಳವೋ ಆಗಿ ಬಟ್ಟೆಗೆ ಬರುತ್ತದೆ. ಹೊತ್ತು ಮುಳುಗುವುದರೊಳಗೆ ಅದನ್ನು ಮನೆಗೆ ತಂದು ಹಿರಿಯರ ಜೊತೆ ಸೇರಿಸಬೇಕು. ಬಾರದಿದ್ದರೆ ಹೊಳೆಯ ಪಾಲು.

"ಅದ್ಯಾರನ್ನೋ ಕರೀತಾವ್ರೆ ಅಂದ್ಕೊಂಡು ಸುಮ್ನಿದಾಳೆ ಕಣೋ," ಎಂದಳು ಪಕ್ಕದ ಮನೆಯ ಫುಲ್ಮತ್. "ತೌರಲ್ಲಿ ಏನಂತಿದ್ರು ಅವಳನ್ನ?"

"ರೇಷನ್ ಕಾರ್ಡಲ್ಲಿ ಇರೋದು ಇದೇ ದೊಡ್ಡವ್ವ. ನಾ ಬರೀ ಅವ್ವಾ ಅಂತಿದ್ದೆ."

"ತೌರೂರೇ ಅಣೆಕಟ್ಟಿನ ನೀರಲ್ಲಿ ಮುಳುಗೋಯ್ತು. ಆ ಜನ ಎಲ್ಲೆಲ್ಲಿ ಚೆದುರಿದ್ರೋ. ನಿಮ್ಮಪ್ಪನಿಗೆ ಗೊತ್ತು, ಆದ್ರೆ ಕಟ್ಕೊಂಡವಳ ಹೆಸರು ಗಂಡ ಹೇಳಂಗುಂಟಾ..."



*

ಎಷ್ಟೋ ವರ್ಷಗಳ ಹಿಂದೆ ಕಾರ್ಡು ಬರೆಯಲು ಬಂದ ಗುಮಾಸ್ತ "ಹೆಂಡತಿ ಹೆಸರು?" ಎಂದಾಗ ಪುಸು ನೆಲ ನೋಡಿದ್ದ. ಅವಳು ಇಪ್ಪೆಹೂ ಆಯಲು ಕಾಡಿಗೆ ಹೋಗಿದ್ದಳು.

"ಗೇಂದನ ಅವ್ವ, ಸಾಹೇಬ್ರೆ."

"ಅದೂ ಒಂದು ಹೆಸರೇನಯ್ಯ? ಹೋಗ್ಲಿ, ಕಮಲಾ ಅಂತ ಹಾಕ್ತೀನಿ."

ಸಂಜೆ ಬುಟ್ಟಿ ಇಳಿಸಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾ ಕಾಡಿಗೆ ಹೋಗ್ಬರೋದ್ರಲ್ಲಿ ಕಮಲನ್ನ ತಂದಿಟ್ಕೊಂಡ್ಯಾ?" ಆಮೇಲೆ ಒಲೆಯ ಕಡೆ ತಿರುಗಿ, ನಗದೆ, "ಒಂದ್ಸಲ ಅಂದಿದ್ರೆ ನಿನ್ ನಾಲ್ಗೆ ಉದುರೋಗ್ತಿತ್ತಾ?" ಎಂದಳು.

*

ಹೊಳೆಯ ಮೇಲೆ ಬಿಸಿಲು ಹಳದಿಗೆ ತಿರುಗಿತ್ತು. ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುವಂತಿರಲಿಲ್ಲ. ಪುಸು ಎದ್ದು ನೀರಿಗಿಳಿದ.

"ಅಪ್ಪಾ, ಜಾರುತ್ತೆ!"

ಮುದುಕ ಮಗನ ಕೈಯಿಂದ ಪಂಚೆ ಇಸಿದುಕೊಂಡು ಬಾಗಿ ಹರವಿದ. ತುಟಿ ಎರಡು ಸಲ ಅಲುಗಿ ಸುಮ್ಮನಾಯಿತು.

"ತಿತ್ರೀ," ಎಂದ, ಒಳಮನೆಯಲ್ಲಿದ್ದವಳನ್ನು ಕರೆಯುವಷ್ಟು ಮೆಲ್ಲಗೆ. ಆಮೇಲೆ ಎರಡೂ ದಡಕ್ಕೆ ಕೇಳುವಂತೆ, "ತಿತ್ರೀ!"

ಫುಲ್ಮತ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಂಚೆ ಮೇಲೆದ್ದಾಗ ಅದರ ನಡುವೆ ಉಗುರಿನಷ್ಟು ಮೀನೊಂದು ಮಿಡುಕುತ್ತಿತ್ತು.

ನೀರು ತುಂಬಿ ಮೀನು ಬಿಟ್ಟ ಸೋರೆಬುರುಡೆಯನ್ನು ಪುಸು ಯಾರ ಕೈಗೂ ಕೊಡಲಿಲ್ಲ. ಎದೆಗೊತ್ತಿಕೊಂಡು, ನೀರು ತುಳುಕದಂತೆ ಮುಂದೆ ನಡೆದ. "ಇಲ್ಲಿ ಕಲ್ಲೈತೆ, ಮೆಲ್ಲಗೆ... ಇಗಾ, ಏರು ಬಂತು," ಎಂದು ಬುರುಡೆಯೊಳಗೆ ಬಗ್ಗಿ ಬಗ್ಗಿ ಹೇಳುತ್ತಿದ್ದ. ಉಳಿದವರು, ಹೊಸ ಮದುಮಕ್ಕಳ ಹಿಂದೆ ಬರುವವರ ಹಾಗೆ, ಅವನ ಮಾತು ಕೇಳಿಸದಷ್ಟು ದೂರದಲ್ಲಿ ನಿಧಾನವಾಗಿ ಬರುತ್ತಿದ್ದರು.