ಅತಿಥಿ ಬಾರಿಸಿದ ಹಾಡು

ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಅವಳದು ತಿಕ್ಕಿ ತೀಡಿ ಹೊಳಪು ಕೊಡುವ ಕೆಲಸ. ಎಷ್ಟು ಚೆನ್ನಾಗಿ ಮಾಡಿದರೂ ಕೊನೆಗೆ ಬೇರೆಯವರ ಬಾಯಿಗೆ ಬೀಳುವುದೇ ಅದರ ಹಣೆಬರಹ. ಒತ್ತುತ್ತದೆ, ಸಡಿಲ, ಮಾತಾಡಿದರೆ ಶಿಳ್ಳೆ ಹೊಡೆಯುತ್ತದೆ ಎಂದು ಸೆಟ್ಟುಗಳು ವಾಪಸು ಬರುತ್ತಿದ್ದವು. ತಪ್ಪು, ವಸಡಿನ ಅಚ್ಚು ತೆಗೆದ ಡಾಕ್ಟರದೋ, ತನ್ನದೋ, ಆ ಬಾಯಿಯದೋ ಎಂಬ ವಾದ ಮಾತ್ರ ಎಂದೂ ಬಗೆಹರಿಯುತ್ತಿರಲಿಲ್ಲ. ಹಾಗಾಗಿ ಸಂಜೆ ಮನೆಗೆ ಬಂದವಳು ಮುಖ ತೊಳೆದು, ಟೀವಿಗೆ ಜೋಡಿಸಿದ ಆಟದ ಯಂತ್ರದ ಪ್ಲಾಸ್ಟಿಕ್ ಡೋಲನ್ನು ಎದುರಿಗಿಟ್ಟುಕೊಂಡು ಕೂತುಬಿಡುತ್ತಿದ್ದಳು.

ಆಟ ಸರಳ. ಹಾಡು ಶುರುವಾದರೆ ಪರದೆಯ ಬಲಗಡೆಯಿಂದ ಕೆಂಪು, ನೀಲಿ ಬಿಲ್ಲೆಗಳು ಸಾಲಾಗಿ ಓಡಿ ಬರುತ್ತವೆ. ಎಡಗಡೆಯ ಬಳೆಯೊಳಕ್ಕೆ ಕೆಂಪು ಬಂದ ಕ್ಷಣಕ್ಕೆ ಡೋಲಿನ ನಡುವಿಗೆ ಹೊಡೆಯಬೇಕು, ನೀಲಿ ಬಂದರೆ ಅಂಚಿಗೆ. ತಾಳಕ್ಕೆ ಕೈ ಕೂಡಿದರೆ ಅಂಕ. ಅದರಲ್ಲಿ ರಾಶಿ ಹಾಡುಗಳಿದ್ದರೂ ಅವಳು ಆಡುವುದು ಒಂದನ್ನೇ: ಮನೆಯ ಮಾಡಿನಿಂದ ಇಳಿಯಲೊಲ್ಲದ ಬೆಕ್ಕಿನ ಹಾಡು. ಕಾರು ಓಡಿಸಲು ಕಲಿಸುವ ಅವಳ ಗಂಡ, ಅದೇ ಹಾಡು ಅದೇ ಪೆಟ್ಟು, ಬೇಜಾರು ಬರುವುದಿಲ್ಲವೇ ಎಂದು ಕೇಳುತ್ತಿದ್ದ. ಅವಳಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಹಾಡು ಅದೇ, ನಿಜ. ಆದರೆ ಕೈ ಅದೇ ಅಲ್ಲ. ನಿನ್ನೆ ಎಡವಿದ ಕಡೆ ಇವತ್ತು ದಾಟಿದರೆ, ಎಂದೂ ಎಡವದ ಕಡೆ ಇವತ್ತು ಕೈ ಜಾರುತ್ತದೆ. ಜಾರಿದ್ದು ತನ್ನದೇ ಕೈ, ಬೇರೆ ಯಾರ ಮೇಲೂ ಹೊರಿಸುವಂತಿಲ್ಲ. ಅದರಲ್ಲೇ ಒಂದು ನೆಮ್ಮದಿ. ಇನ್ನೊಂದು ಸಲ ಆಡಿದರೆ ಸರಿಹೋದೀತು ಅನ್ನಿಸುವುದು. ಆಡಿದ ಮೇಲೂ ಹಾಗೇ ಅನ್ನಿಸುವುದು.

ಒಂದು ಸಂಜೆ ಟೀವಿ ಹಾಕಿ ನೋಡುತ್ತಾಳೆ, ಆ ಹಾಡಿನ ಅಂಕಪಟ್ಟಿಯಲ್ಲಿ ಅವಳ ಹೆಸರು ಎರಡನೆಯ ಸಾಲಿಗೆ ಇಳಿದಿತ್ತು. ಮೊದಲ ಸಾಲಿನಲ್ಲಿ ‘ಗೆಸ್ಟ್’ ಎಂದಿತ್ತು. ಹೆಸರು ಬರೆಯದೆ ಆಡಿದವರನ್ನು ಆ ಯಂತ್ರ ಅತಿಥಿ ಎಂದೇ ಕರೆಯುತ್ತದೆ.

ಮನೆಯಲ್ಲಿ ಇರುವವರು ಮೂರೇ ಜನ. ಅವಳು, ಗಂಡ, ಮಾವ. ಗಂಡ ತಾನು ಅದನ್ನು ಮುಟ್ಟಿಯೇ ಇಲ್ಲವೆಂದ, ಯಂತ್ರ ಕೆಟ್ಟಿರಬೇಕೆಂದ. ಅವಳು ಹಟ ಹಿಡಿದು ಆಡಿ ಮೊದಲ ಸಾಲನ್ನು ಮರಳಿ ಗೆದ್ದಳು. ವಾರ ಕಳೆಯುವುದರೊಳಗೆ ಅತಿಥಿ ಮತ್ತೆ ಮೇಲೆ ಕೂತಿದ್ದ, ಅದೂ ಕೂದಲೆಳೆಯಷ್ಟೇ ಹೆಚ್ಚು, ಅಣಕಿಸಿದ ಹಾಗೆ. ಟೀವಿಯ ಸದ್ದು ಪೂರ್ತಿ ಇಳಿದು ಸೊನ್ನೆಯಲ್ಲಿತ್ತು. ಕದ್ದು ಆಡುವವರಿಗಲ್ಲದೆ ಸದ್ದು ಮುಚ್ಚುವ ದರ್ದು ಇನ್ಯಾರಿಗೆ? ಅವಳು ಹೇಗೆಂದರೆ ಹಾಗೆ ಎಸೆದು ಹೋಗಿದ್ದ ಕೋಲುಗಳು ಡೋಲಿನ ಮೇಲೆ ಜೋಡಿಯಾಗಿ, ನೇರವಾಗಿ ಮಲಗಿದ್ದವು. ಗಂಡ ಒರೆಸಿಕೊಂಡ ಟವೆಲನ್ನೂ ಮಡಿಸುವವನಲ್ಲ. ಇದು ಯಾರೋ ಅಚ್ಚುಕಟ್ಟಾದ ಹೆಂಗಸಿನ ಕೈ.

ಆ ಯೋಚನೆ ಹೊಕ್ಕಿದ್ದೇ ತಡ, ತಲೆಯಲ್ಲಿ ಹುಳ ಬಿಟ್ಟಂತಾಯಿತು. ಗಂಡ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾನೆ. ಕಾರು ಕಲಿಯಲು ಬರುವವರಲ್ಲಿ ಹೆಂಗಸರೇ ಜಾಸ್ತಿ. ಅವಳು ಮಾವನ ಎದುರು ಕೂತು, ಹಗಲು ಮನೆಗೆ ಯಾರಾದರೂ ಬರುತ್ತಾರೆಯೇ ಎಂದು ತುಟಿ ಬಿಡಿಸಿ ನಿಧಾನವಾಗಿ ಕೇಳಿದಳು. ಮಾವ ಮುದ್ರಣಾಲಯದಲ್ಲಿ ದುಡಿದವರು. ಅಲ್ಲಿಯ ಯಂತ್ರಗಳು ಅವರ ಎರಡೂ ಕಿವಿಗಳನ್ನು ಯಾವಾಗಲೋ ತಿಂದುಹಾಕಿದ್ದವು. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಯಾರೂ ಬರುವುದಿಲ್ಲ ಎಂದು ಹೇಳಿ, ಅವಳ ಮುಖ ನೋಡದೆ ಕನ್ನಡಕ ಒರೆಸತೊಡಗಿದರು. ಎಷ್ಟಾದರೂ ಹೆತ್ತ ಕರುಳು, ಮಗನನ್ನು ಮುಚ್ಚಿಡುತ್ತಿದ್ದಾರೆ ಎಂದು ಅವಳು ತೀರ್ಮಾನಿಸಿದಳು.

ರಾತ್ರಿ ಊಟಕ್ಕೆ ಕೂತಾಗ ಗಂಡನನ್ನು ಕೇಳಿಯೇಬಿಟ್ಟಳು.

“ಮಧ್ಯಾಹ್ನ ಊಟಕ್ಕೆ ಒಬ್ರೇ ಬರ್ತೀರಾ?”

“ಒಬ್ನೇ ಬರದೆ ಮೆರವಣಿಗೇಲಿ ಬರ್ಲಾ?” ಎಂದು ನಕ್ಕ ಗಂಡ, ಅವಳ ಮುಖ ನೋಡಿ ನಗು ನಿಲ್ಲಿಸಿದ. “ಏನು, ನನ್ನ ಮೇಲೆ ಅನುಮಾನಾನಾ?”

ಅವಳು ಇಲ್ಲವೆನ್ನಲಿಲ್ಲ. ತಟ್ಟೆಯಲ್ಲಿನ ಅನ್ನ ಕಲಸುತ್ತಲೇ ಇದ್ದಳು. ಅದು ಅವನಿಗೆ ಬಲವಾಗಿ ತಾಗಿತು. ಮಾರನೆಯ ದಿನದಿಂದ ಮಧ್ಯಾಹ್ನ ಮನೆಗೆ ಬರುವುದನ್ನೇ ಬಿಟ್ಟು, ಹೋಟೆಲಿನಲ್ಲಿ ಉಣ್ಣತೊಡಗಿದ. ಆದರೂ ಅತಿಥಿಯ ಅಂಕ ಏರುತ್ತಲೇ ಹೋಯಿತು. ಅನುಮಾನಕ್ಕೆ ಅದೂ ಮೇವಾಯಿತು: ಬರುವುದಿಲ್ಲವೆಂದು ತೋರಿಸಿಕೊಂಡು ಕದ್ದು ಬರುತ್ತಿದ್ದಾನೆ.

ಕೊನೆಗೊಂದು ದಿನ ತಲೆನೋವೆಂದು ಸುಳ್ಳು ಹೇಳಿ ಲ್ಯಾಬಿನಿಂದ ಬೇಗ ಹೊರಟಳು. ಮೆಟ್ಟಿಲು ಹತ್ತುವಾಗಲೇ ಬಾಗಿಲಾಚೆಯಿಂದ ಕೋಲಿನ ಸದ್ದು ಕೇಳಿಸಿತು. ಹಾಡಿಲ್ಲ, ಬರೀ ಪೆಟ್ಟು. ಆದರೂ ಅವಳಿಗೆ ತಕ್ಷಣ ಗುರುತು ಸಿಕ್ಕಿತು: ಬೆಕ್ಕಿನ ಹಾಡೇ, ಕೊನೆಯ ಅವಸರದ ಭಾಗ, ತನ್ನ ಕೈ ಯಾವಾಗಲೂ ತೊಡರುವ ಜಾಗ. ಒಳಗಿನ ಕೈ ತೊಡರಲಿಲ್ಲ. ಸಿಟ್ಟಿಗಿಂತ ಮೊದಲು ಅವಳಿಗೆ ಹೊಟ್ಟೆಕಿಚ್ಚಾಯಿತು. ಸದ್ದಾಗದಂತೆ ಬೀಗ ತಿರುಗಿಸಿದಳು.

ಮಾವ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, ಮೋಟು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಬಾರಿಸುತ್ತಿದ್ದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಬಾಗಿಲ ಬಳಿಯೇ ನಿಂತಳು. ಹಾಡು ಮುಗಿಯಿತು. ಮಾವ ಕೋಲುಗಳನ್ನು ಜೋಡಿಸಿಟ್ಟು ತಿರುಗಿದವರು, ಸಕ್ಕರೆ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದ ಮಗುವಿನ ಹಾಗಾದರು.

“ಏನೂ ಮುರಿದಿಲ್ಲ ಕಣಮ್ಮ,” ಎಂದರು, ಕಿವಿ ಕೇಳದವರ ಎತ್ತರದ ದನಿಯಲ್ಲಿ.

ಹಿಂದೊಮ್ಮೆ ಮಿಕ್ಸರ್ ಸುಟ್ಟಾಗ ಮಗ, ಇನ್ನು ಮನೆಯ ಯಾವ ಯಂತ್ರವನ್ನೂ ಮುಟ್ಟಬೇಡಿ ಎಂದು ಗದರಿದ್ದನಂತೆ. ಸದ್ದು ಎಷ್ಟಿದೆಯೆಂದು ತಮಗೆ ತಿಳಿಯುವುದಿಲ್ಲ, ಪಕ್ಕದವರು ದೂರು ಹೇಳಿದರೆ ಗುಟ್ಟು ರಟ್ಟಾಗುತ್ತದೆಂದು ಪೂರ್ತಿ ಇಳಿಸಿಬಿಡುತ್ತಿದ್ದರಂತೆ. ಅಷ್ಟು ದಿನ ಅವರಿಗೂ ಸೊಸೆಯ ಮೇಲೆ ಒಂದು ಅನುಮಾನವಿತ್ತು: ದಿನಾ ಸಂಜೆ ಇವಳು ಹೀಗೆ ಬಡಿಯುವುದು ಗಂಡನ ಮೇಲಿನ ಸಿಟ್ಟಿಗೇ ಇರಬೇಕು ಎಂದು. ಅದೇನೆಂದು ನೋಡಲು ಒಮ್ಮೆ ಕೋಲು ಹಿಡಿದವರಿಗೆ ಆಮೇಲೆ ಬಿಡಲಾಗಲಿಲ್ಲ.

ಕೇಳಿಸದೆ ತಾಳ ಹೇಗೆ ಹಿಡಿಯುತ್ತೀರಿ ಎಂದು ಅವಳು ಕೇಳಿದಳು.

“ನಮ್ಮ ಪ್ರೆಸ್ಸಿನ ಮಷೀನು ಬಾಯಿ ತೆಗೆದಾಗ ಕಾಗದ ಇಡ್ಬೇಕು, ಮುಚ್ಚೋದ್ರೊಳಗೆ ಕೈ ಈಚೆ ತೆಗೀಬೇಕು. ಕಿವಿ ಹೋದ್ಮೇಲೂ ಕಣ್ಣಲ್ಲೇ ನೋಡ್ಕೊಂಡು ಮಾಡ್ದೆ. ಇದೂ ಹಾಗೇನೆ. ಆದ್ರೆ ಇಲ್ಲಿ ತಪ್ಪಿದ್ರೆ ಬೆರಳು ಹೋಗಲ್ಲ. ಮತ್ತೆ ಮೊದಲಿಂದ ಶುರು ಮಾಡ್ಬಹುದು.” ಅವರು ಪರದೆಯ ಕಡೆ ಕೈ ತೋರಿಸಿದರು. “ಒಂದು ಮಾತ್ರ ಗೊತ್ತಾಗ್ಲಿಲ್ಲ. ಇದು ಯಾವ ಹಾಡು? ಯುದ್ಧದ್ದಾ?”

ಬೆಕ್ಕಿನದು ಎಂದಳು. ಅವರು ತುಟಿ ತಪ್ಪು ಓದಿದೆನೆಂದುಕೊಂಡು ಮತ್ತೆ ಕೇಳಿದರು. ಅವಳು ಕೈಯನ್ನು ಬಾಲದಂತೆ ಆಡಿಸಿ, ಮಾಡು ತೋರಿಸಿ, ಹಾಡಿನ ಕಥೆಯನ್ನೆಲ್ಲ ಅಭಿನಯಿಸಬೇಕಾಯಿತು. ಇಷ್ಟು ದಿನ ಅಷ್ಟು ಗಂಭೀರವಾಗಿ, ಸೈನ್ಯ ನಡೆಸಿದಂತೆ ಬಾರಿಸಿದ್ದು ಒಂದು ಬೆಕ್ಕಿಗಾಗಿ ಎಂದು ತಿಳಿದಾಗ ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವಳೂ ನಕ್ಕಳು, ಆದರೆ ನಡುವೆಯೇ ನಗು ಉಡುಗಿತು. ಹೋಟೆಲಿನಲ್ಲಿ ಉಣ್ಣುತ್ತಿದ್ದ ಗಂಡ ನೆನಪಾಗಿದ್ದ.

ಮಗನಿಗೆ ಹೇಳಬೇಡವೆಂದು ಮಾವ ಮೊದಲು ಕೇಳಿಕೊಂಡರು. ಮಗ ಮಧ್ಯಾಹ್ನ ಯಾಕೆ ಬರುತ್ತಿಲ್ಲವೆಂಬುದನ್ನು ಅವಳು ತಲೆ ತಗ್ಗಿಸಿ ಹೇಳಿದಳು. ತಗ್ಗಿಸಿದ್ದರಿಂದ ಅವರಿಗೆ ತಿಳಿಯದೆ, ಮುಖ ಎತ್ತಿ ಇನ್ನೊಮ್ಮೆ ಹೇಳಬೇಕಾಯಿತು. ಮಾವ ಬೈಯಲಿಲ್ಲ. ಸಂಜೆ ಮಗ ಚಪ್ಪಲಿ ಬಿಡುವ ಮೊದಲೇ ಎದುರು ಹೋಗಿ, “ಆ ಗೆಸ್ಟು ನಾನೇ ಕಣೋ,” ಎಂದುಬಿಟ್ಟರು.

ಗಂಡ ಅಪ್ಪನನ್ನು ನೋಡಿದ, ಡೋಲನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಅವಳು ತಪ್ಪಾಯಿತೆಂದಳು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಮಧ್ಯಾಹ್ನದ ಊಟಕ್ಕೆ ಮತ್ತೆ ಮನೆಗೆ ಬರತೊಡಗಿದ್ದು ಎಷ್ಟೋ ದಿನಗಳ ಮೇಲೆ. ಅಪ್ಪನಿಗೆ ಯಂತ್ರದಲ್ಲಿ ಹೆಸರು ಬರೆದುಕೊಟ್ಟವನೂ ಅವನೇ. ಅವಳೊಂದಿಗೂ ಮೊದಲಿನಂತೆ ಮಾತಾಡಿದ, ತಮಾಷೆ ಮಾಡಿದ. ಆದರೆ ಇವತ್ತಿಗೂ, ಯಾಕೆ ತಡವಾಯಿತು, ಯಾರ ಫೋನು ಎಂದು ಅವಳು ಮಾಮೂಲಿಯಾಗಿ ಕೇಳಿದರೂ ಸಾಕು, ಅವನು ಉತ್ತರ ಕೊಡುವ ಮೊದಲು ಅವಳ ಮುಖವನ್ನೊಮ್ಮೆ ದಿಟ್ಟಿಸಿ ನೋಡುತ್ತಾನೆ.