ಕೊಳವೆಯ ಸಣ್ಣ ತೂತು

ದಾಕ್ಷಾಯಣಿ ಹಳೆಯ ಟೂತ್‌ಬ್ರಷ್ಷಿನಿಂದ ನನ್ನ ಹೊಟ್ಟೆಯೊಳಗಿನ ರೆಕ್ಕೆಗಳನ್ನು ಉಜ್ಜುತ್ತಿದ್ದಳು. ವಿನೆಗರಿನಲ್ಲಿ ನೆನೆದು ಅರ್ಧ ಉಪ್ಪು ಬಿಟ್ಟಿತ್ತು, ಉಳಿದರ್ಧ ಕಲ್ಲಿನಂತೆ ಅಂಟಿಕೊಂಡಿತ್ತು. ಬೀದಿಯಲ್ಲಿ ಕಾರಿನ ಸದ್ದಾದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಗಂಡನ ಕಾರಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ಉಜ್ಜುತ್ತಿದ್ದಳು. ನಾನು ನಿಂತಷ್ಟು ಹೊತ್ತೂ ಮೇಲಿನ ತೊಟ್ಟಿಯ ಮೀನುಗಳಿಗೆ ಉಸಿರು ಕಡಿಮೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮಿಬ್ಬರನ್ನು ಹತ್ತಿರ ತಂದದ್ದು ಇಂಥ ಹೆದರಿಕೆಗಳೇ.

ನಾನು ಒಂದು ಪುಟ್ಟ ಪಂಪು. ಅಂಗೈ ಮೇಲೆ ಕೂರುವಷ್ಟು ಗಾತ್ರ. ಹುಟ್ಟಿದ ಕಾರ್ಖಾನೆ ಯಾವ ಊರಿನದೋ ತಿಳಿಯದು. ಯಾರೋ ಹೆಂಗಸಿನ ಬೆರಳುಗಳು ನನ್ನೊಳಗೆ ಅಯಸ್ಕಾಂತವನ್ನು ಕೂರಿಸಿದ್ದು ಮಾತ್ರ ನೆನಪಿದೆ. ಆಮೇಲೆ ಪರೀಕ್ಷೆಗೆಂದು ಒಂದು ಗಳಿಗೆ ನೀರಿಲ್ಲದೆ ತಿರುಗಿಸಿದರು. ಮೈಯೆಲ್ಲ ಸುಟ್ಟಂತಾಯಿತು. ನೀರು ಬತ್ತಿದರೆ ನಾನಿಲ್ಲ ಎಂಬ ಭಯ ಅಂದೇ ನನ್ನೊಳಗೆ ಕೂತಿತು.

ಮೊದಲು ನನ್ನನ್ನು ಕೊಂಡವರು ತುಮಕೂರಿನ ಒಬ್ಬ ಹಲ್ಲಿನ ಡಾಕ್ಟರು. ಕಾಯುವ ಕೋಣೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ, ಅದರ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ. ಆ ಕೆಳಗಿನದರಲ್ಲಿ ನನ್ನ ವಾಸ. ಮೇಲಿನಿಂದ ಉಕ್ಕಿ ಬಂದ ನೀರನ್ನು ಕೊಳವೆಯಲ್ಲಿ ಮತ್ತೆ ಮೇಲಕ್ಕೆ ತಳ್ಳುವುದು ನನ್ನ ಕೆಲಸ. ಒಳಕೋಣೆಯ ಯಂತ್ರ ಜುಯ್ಯೆಂದಾಗ ಹೊರಗಿದ್ದವರು ಕೆನ್ನೆ ಹಿಡಿದುಕೊಂಡು ಮೀನು ನೋಡುತ್ತಿದ್ದರು. ಅವರ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಳ್ಳುವುದು ನನಗೆ ಕಪಾಟಿನ ಸಂದಿಯಿಂದ ಕಾಣುತ್ತಿತ್ತು.

ಡಾಕ್ಟರು ಊರು ಬಿಟ್ಟಾಗ ತೊಟ್ಟಿ, ಮೀನು, ಕೊಳವೆ, ನಾನು ಎಲ್ಲ ಸೇರಿ ಪಾಲಾಕ್ಷನ ಮನೆಗೆ ಬಂದೆವು. ಪಾಲಾಕ್ಷನದು ಟೈಲ್ಸ್ ಅಂಗಡಿ. ಮನೆಯೂ ಅಂಗಡಿಯಂತೆಯೇ ಇರಬೇಕೆಂದು ಹಾಲಿಗೆ ಮರದ ನೆಲ ಹಾಕಿಸಿದ್ದ. ಬಂದವರಿಗೆ ಮೊದಲು ನೆಲ ತೋರಿಸುತ್ತಿದ್ದ, ಆಮೇಲೆ ಮೀನು. ಮೀನಿನ ಚಾಕರಿ ಹೆಂಡತಿ ದಾಕ್ಷಾಯಣಿಯದು. ಅವನು ಅವಳ ಮೇಲೆ ಕೈ ಮಾಡಿದವನಲ್ಲ, ದನಿ ಏರಿಸಿದವನೂ ಅಲ್ಲ. ನಾಲ್ಕು ಜನರೆದುರು ನಗುತ್ತಲೇ, "ನಮ್ಮನೆಯವ್ರಿಗೆ ಒಂದ್ ಕೆಲ್ಸ ಹೇಳಿದ್ರೆ ನಮಗೆ ಎರಡು ಕೆಲ್ಸ ಆಗುತ್ತೆ" ಎನ್ನುತ್ತಿದ್ದ. ಜನ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆಮೇಲೆ ಕಪಾಟಿನ ಬಾಗಿಲು ತೆರೆದು, ಮಾಡಲು ಏನೂ ಇಲ್ಲದಿದ್ದರೂ ನನ್ನೆದುರು ಸುಮ್ಮನೆ ಕೂರುತ್ತಿದ್ದಳು.

ಮೇಲಿನ ತೊಟ್ಟಿಯಲ್ಲಿ ಎರಡು ಕಿತ್ತಳೆ ಬಣ್ಣದ ಮೀನುಗಳಿದ್ದವು. ಅವಳ ನೆರಳು ಕಂಡರೆ ಗಾಜಿನ ಹತ್ತಿರ ಓಡಿ ಬರುತ್ತಿದ್ದವು. ಆ ಮನೆಯಲ್ಲಿ ಅವಳನ್ನು ಹಾಗೆ ಎದುರುಗೊಳ್ಳುವವರು ಬೇರಾರೂ ಇರಲಿಲ್ಲ.

ಕೊಳವೆಯ ತೂತಿನ ವಿಷಯ ಈಗ ಹೇಳಬೇಕು. ಕರೆಂಟು ಹೋದರೆ ನಾನು ನಿಲ್ಲುತ್ತೇನೆ. ಆಗ ನಾನು ಮೇಲೆ ತಳ್ಳಿದ ನೀರು ಅದೇ ಕೊಳವೆಯಲ್ಲಿ ವಾಪಸು ಇಳಿಯತೊಡಗುತ್ತದೆ. ಅದನ್ನು ತಡೆಯಲು, ಮೇಲಿನ ತೊಟ್ಟಿಯೊಳಕ್ಕೆ ಬಾಗಿದ ಕೊಳವೆಯಲ್ಲಿ, ಸರಿಯಾಗಿ ನೀರಿನ ಮಟ್ಟದಲ್ಲಿ, ಒಂದು ಸಣ್ಣ ತೂತು ಕೊರೆದಿದ್ದರು. ನೀರು ಸ್ವಲ್ಪ ಇಳಿದೊಡನೆ ತೂತು ಗಾಳಿ ಎಳೆದುಕೊಂಡು ಗೊರಗೊರ ಎನ್ನುತ್ತದೆ, ನೀರು ನಿಲ್ಲುತ್ತದೆ. ಅದರಲ್ಲಿ ಉಪ್ಪು ಕಟ್ಟದಂತೆ ದಾಕ್ಷಾಯಣಿ ವಾರವಾರವೂ ಸೂಜಿ ಹಾಕುತ್ತಿದ್ದಳು.

ಆಯುಧಪೂಜೆಯ ಹಿಂದಿನ ದಿನ ಅವಳು ಅಡುಗೆಮನೆಯಲ್ಲಿ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ತೂತಿನಿಂದ ಸಣ್ಣಗೆ ಚಿಮ್ಮಿದ ನೀರು ಗಾಜಿನ ಮುಚ್ಚಳವನ್ನು ಒದ್ದೆ ಮಾಡಿದ್ದು ಪಾಲಾಕ್ಷನ ಕಣ್ಣಿಗೆ ಬಿತ್ತು. ಪೈಪು ಸೋರುತ್ತಿದೆ ಎಂದುಕೊಂಡ. ಎಂ-ಸೀಲ್ ಅಂಟು ಕಲಸಿ, ತೋಳು ಮಡಚಿ, ಅದನ್ನು ಮುಚ್ಚಿಯೇ ಬಿಟ್ಟ. ನೀರು ಚಿಮ್ಮುವ ಸದ್ದು ನಿಂತದ್ದು ಕೆಳಗಿದ್ದ ನನಗೆ ತಿಳಿಯಿತು. ಕೂಗಲು ನನಗೆ ಬಾಯಿಲ್ಲ. ರಾತ್ರಿ ಹಗಲು ಒಂದೇ ಪ್ರಾರ್ಥನೆ, ಕರೆಂಟು ಹೋಗದಿರಲಿ.

ಕರೆಂಟು ಹೋಗಲಿಲ್ಲ. ಹಬ್ಬ ಬಂತು.

ಕಾರು, ಮಿಕ್ಸಿ, ಹೊಲಿಗೆ ಯಂತ್ರ ಎಲ್ಲಕ್ಕೂ ವಿಭೂತಿ, ಚೆಂಡುಹೂವು. ಅಂಗಡಿಯ ಕೆಲಸದವರೂ ನೆಂಟರೂ ಹಾಲಿನಲ್ಲಿ ತುಂಬಿದ್ದರು. ಕಡೆಗೆ ಪಾಲಾಕ್ಷ ನನ್ನ ಕಪಾಟಿಗೆ ವಿಭೂತಿ ಎಳೆದು ಸ್ವಿಚ್ಚಿಗೆ ಕೈ ಹಾಕಿದ.

"ರೀ, ಅದನ್ನ ಆಫ್ ಮಾಡೋದು ಬೇಡ," ಎಂದಳು ದಾಕ್ಷಾಯಣಿ ಮೆಲ್ಲಗೆ.

"ವರ್ಷಕ್ಕೊಂದಿನ ಅದಕ್ಕೂ ರಜ ಬೇಡ್ವೇನೆ? ನೀನಂತೂ ದಿನಾ ರಜದಲ್ಲೇ ಇರ್ತೀಯ."

ಎಲ್ಲರೂ ನಕ್ಕರು. ತೂತು ಇದೆಯಲ್ಲ ಎಂಬ ಧೈರ್ಯದಲ್ಲಿ ಅವಳು ಹಿಂದೆ ಸರಿದಳು.

ಸ್ವಿಚ್ಚು ಆರಿತು. ನೀರು ಇಳಿಯಿತು. ನನ್ನ ರೆಕ್ಕೆಗಳು ಹಿಮ್ಮುಖವಾಗಿ ತಿರುಗಿದವು. ಗೊರಗೊರ ಸದ್ದಿಗಾಗಿ ನಾನು ಕಾದೆ, ಅವಳೂ ಕಾದಳು. ಅದು ಬರಲಿಲ್ಲ. ಕೆಳಗಿನ ತೊಟ್ಟಿ ತುಂಬಿ, ಅಂಚು ಮೀರಿ, ಕಪಾಟಿನಡಿಯಿಂದ ಉಪ್ಪುನೀರು ಮರದ ನೆಲಕ್ಕೆ ಹರಿಯಿತು. ಹೂವುಗಳು ತೇಲಿದವು. ಯಾರೋ ಚಾಪೆ ಎತ್ತಿದರು, ಯಾರೋ ಬಟ್ಟೆ ತನ್ನಿ ಅಂದರು. ದಾಕ್ಷಾಯಣಿ ಓಡಿ ಬಂದು ರೇಷ್ಮೆ ಸೀರೆಯಲ್ಲೇ ಮೇಲಿನ ತೊಟ್ಟಿಗೆ ಮೊಣಕೈವರೆಗೆ ಕೈ ಅದ್ದಿ, ಕೊಳವೆಯ ಬಾಯನ್ನು ನೀರಿನಿಂದ ಮೇಲೆತ್ತಿ ಹಿಡಿದಳು. ನೀರು ನಿಂತಿತು. ಅಷ್ಟರಲ್ಲಿ ಹಲಗೆಗಳು ಉಬ್ಬತೊಡಗಿದ್ದವು.

"ನೋಡಿದ್ರಾ? ವಾರವಾರ ಕ್ಲೀನ್ ಮಾಡ್ತಾಳಂತೆ," ಎಂದ ಪಾಲಾಕ್ಷ.

ಹಬ್ಬದ ದಿನ ಬಿಡಪ್ಪ ಎಂದು ಅವನ ಅಕ್ಕ ಸಮಾಧಾನ ಮಾಡಿದರು. ಅವನು ಬಿಡಲಿಲ್ಲ. ಗೆಳೆಯನ ಹೋಟೆಲಿಗೆ ಈ ತೊಟ್ಟಿ ಕೊಟ್ಟುಬಿಡುತ್ತೇನೆ, ಭಾನುವಾರ ಬಂದು ಒಯ್ಯಲಿ ಎಂದು ಅಲ್ಲೇ ಹೇಳಿದ.

"ಮೀನು?" ಎಂದಳು ಅವಳು.

"ಮೀನೂ ಸೇರಿ."

ಆ ಹೋಟೆಲಿನಲ್ಲಿ ಮೀನು ಬದುಕುವುದಿಲ್ಲವೆಂದು ಅವನೇ ಹಿಂದೊಮ್ಮೆ ನಗುತ್ತ ಹೇಳಿದ್ದ.

ಅಂದಿನಿಂದ ನಾನು ಗಡಗಡ ಎನ್ನತೊಡಗಿದೆ, ನೀರು ಮೇಲೇರಿಸಲಾರದಾದೆ. ಹೋಟೆಲಿಗೆ ಕೊಡಲಾದರೂ ಬೇಕಲ್ಲ ಎಂದು ಹೊಸ ಪಂಪು ಬಂತು. ನನ್ನನ್ನು ಗುಜರಿಗೆ ಹಾಕು ಎಂದ ಪಾಲಾಕ್ಷ. ಅವಳು ಹೂಂ ಎಂದು ಮೂಲೆಯ ಬಕೆಟ್ಟಿನಲ್ಲಿ ಇಟ್ಟಳು. ಗುಜರಿಯವನು ಕೂಗಿದಾಗಲೆಲ್ಲ ನನ್ನ ಮೈ ತಣ್ಣಗಾಗುತ್ತಿತ್ತು.

ಶನಿವಾರ ಗಂಡ ಅಂಗಡಿಗೆ ಹೋದ ಮೇಲೆ ಅವಳು ಸೂಜಿ ಹಿಡಿದು ಕೊಳವೆ ಎತ್ತಿದಳು. ಸೂಜಿ ಹೋಗಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ತೂತಿನ ಮೇಲೆ ಬೂದು ಬಣ್ಣದ ಉಂಡೆ, ಅದರಲ್ಲಿ ಅಗಲವಾದ ಹೆಬ್ಬೆರಳಿನ ಗುರುತು. ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟಳು. ಸುತ್ತಲೂ ಜಾಗ ಉಳಿಯಿತು. 

ಆಮೇಲೆ ಚಾಕುವಿನಿಂದ ಉಂಡೆಯನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತೂತಿಗೆ ಸೂಜಿ ಹಾಕಿದಳು. ಹೊಸ ಪಂಪಿನ ಪ್ಲಗ್ಗನ್ನು ತಾನೇ ಕಿತ್ತಳು. ನಾನು ಬಕೆಟ್ಟಿನಲ್ಲೇ ಕಿವಿಗೊಟ್ಟೆ. ನೀರು ಇಳಿಯಿತು, ಗೊರಗೊರ ಎಂದಿತು, ನಿಂತಿತು. ಹೊರಗೆ ಕಾರಿನ ಸದ್ದಾಯಿತು. ಅವಳ ಕೈ ನಿಲ್ಲಲಿಲ್ಲ. ಪ್ಲಗ್ಗನ್ನು ಮತ್ತೆ ಸಿಕ್ಕಿಸಿದಳು.

ಬಳಿಕ ನನ್ನ ಬಕೆಟ್ಟಿಗೆ ಸಿಹಿನೀರು ತುಂಬಿ, ತೊಟ್ಟಿಯ ಉಪ್ಪನ್ನು ಅಳೆದು ಸುರಿದು, ಕಲಸಲು ನನ್ನನ್ನೇ ಚಾಲೂ ಮಾಡಿದಳು. ನೀರು ಮೇಲೇರಿಸಲಾರೆ, ಉಪ್ಪು ಕರಗಿಸಬಲ್ಲೆ. ತೊಟ್ಟಿಯ ನೀರು ಬದಲಿಸಬೇಕಾದದ್ದು ಮುಂದಿನ ವಾರ. ನಾಳೆ ಹೋಗಲಿರುವ ತೊಟ್ಟಿಗೆ ಯಾರೂ ಮುಂದಿನ ವಾರದ ನೀರು ಕಲಸಿಡುವುದಿಲ್ಲ.

ಅವಳು ಬಕೆಟ್ಟಿಗೆ ತಟ್ಟೆ ಮುಚ್ಚಿ, ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟಳು.