ಹನ್ನೊಂದು ಅಡಿ

ಸರ್ವೇಯರ್ ಜಹಾಂಗೀರ್, ಪಕ್ಕದ ಹೊಲದ ದತ್ತಪ್ಪ ಕಾಕಾನ ಬೈಕಿನ ಹಿಂದೆ ಕುಳಿತು ಬಂದದ್ದನ್ನು ನೋಡಿದಾಗಲೇ ನನಗೆ ಅನುಮಾನ ಶುರುವಾಯಿತು. ಹೊಲದ ಹದ್ದು ಅಳೆದು ಕೊಡಿರೆಂದು ಕಮಲಾಪುರದ ಕಚೇರಿಗೆ ಅರ್ಜಿ ಕೊಟ್ಟವರು ನಾವು. ಎರಡು ತಿಂಗಳು ಕಾದವರೂ ನಾವು. ಶಹಾಬಜಾರದ ಮನೆಗೆ ನೋಟಿಸು ಬಂದ ಮೇಲೆ ಅವ್ವ ಮತ್ತು ನಾನು ಬೆಳಗಿನ ಬಸ್ಸು ಹಿಡಿದು ಮಹಾಗಾಂವದಲ್ಲಿ ಇಳಿದು, ಹೊಲದ ತನಕ ನಡೆದು ಬಂದಿದ್ದೆವು. ಅಳೆಯುವವನು ಮಾತ್ರ ಎದುರಾಳಿಯ ಬೈಕಿನಲ್ಲಿ. ಮೀಸೆಯಲ್ಲಿ ಸುಸಲಾದ ಒಂದು ಚುರುಮುರಿ ಕಾಳು ಬೇರೆ ಅಂಟಿತ್ತು.

ಜಗಳ ಬಾವಿಯದು. ಅಪ್ಪ ತೋಡಿಸಿದ ಬಾವಿ ನಮ್ಮ ಹೊಲದ ಮೂಡಣ ಅಂಚಿನಲ್ಲಿದೆ. ಅಪ್ಪ ತೀರಿಕೊಂಡ ಮೇಲೆ, ಅದಿರುವುದು ತನ್ನ ಹೊಲದಲ್ಲಿ ಎಂದು ದತ್ತಪ್ಪ ಕಾಕಾ ಹೇಳತೊಡಗಿದ್ದ. ಬಾವಿ ಹೋದರೆ ನಮ್ಮ ತೊಗರಿ ಮಳೆಯನ್ನೇ ನಂಬಿಕೊಂಡಿರಬೇಕು. ಆದರೆ ಬಾವಿಯ ಆಚೆಗೆ, ಹೊಲದ ಮೂಲೆಯಲ್ಲಿ, ಗಡಿ ತೋರಿಸುವ ಬಾಂದುಗಲ್ಲು ಎಲ್ಲರ ಕಣ್ಣಿಗೂ ಕಾಣುವಂತೆ ನಿಂತಿತ್ತು, ಸುಣ್ಣ ಬಳಿದುಕೊಂಡು, ಕುಂಕುಮ ಹಚ್ಚಿಸಿಕೊಂಡು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಎಡೆ ಒಯ್ದು ಚರಗ ಚೆಲ್ಲಲು ಬಂದಾಗಲೆಲ್ಲ ಅವ್ವ ಅದಕ್ಕೆ ಕೈ ಮುಗಿಯುತ್ತಾಳೆ. ಇದಕ್ಕಿಂತ ಸಾಕ್ಷಿ ಏನು ಬೇಕು?

ಜಹಾಂಗೀರ್ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹಳೆಯ ನಕ್ಷೆಯ ಹಾಳೆ ಬಿಚ್ಚಿ, ಟೇಪು ಹಿಡಿದುಕೊಂಡು, ನಮ್ಮ ಹೊಲ ದಾಟಿ ಇನ್ಯಾರದೋ ಜೋಳದೊಳಗೆ ಹೋದ. ಒಂದು ತಾಸು ಅಲ್ಲಿ, ಅರ್ಧ ತಾಸು ಹಳ್ಳದ ದಂಡೆಯಲ್ಲಿ, ಆಮೇಲೆ ರಸ್ತೆಯ ಪಕ್ಕದಲ್ಲಿ. ನಾನು ಹಿಂದೆ ಹಿಂದೆ ನಡೆದೆ. ಅವನು ಬಗ್ಗಿದಲ್ಲೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದೆ.

"ಎದುರಿಗೇ ಕಲ್ಲ ಅದ. ಊರೆಲ್ಲ ಯಾಕ ಅಳ್ಯಾಕತ್ತೀರಿ ಸಾಹೇಬ್ರ?" ಅವ್ವ ಕೇಳಿದಳು.

"ಜಗಳದಾಗಿನ ಕಲ್ಲ ಹಿಡದು ಅಳದ್ರ ಜಗಳಾನೇ ಅಳದಂಗ ಆಗ್ತದ್ರೀ ಅಮ್ಮಾ," ಎಂದ ಜಹಾಂಗೀರ್. "ಯಾರದೂ ತಕರಾರ ಇಲ್ಲದ ಮೂರು ಕಲ್ಲ ಮೊದಲ ಹುಡುಕಬೇಕು. ಮೂರೂ ಒಂದೇ ಮಾತ ಹೇಳಿದ್ರ, ನಾಲ್ಕನೇದು ಎಲ್ಲಿರಬೇಕಂತ ಗೊತ್ತಾಗ್ತದ."

ಮಾತು ಚೆನ್ನಾಗಿತ್ತು. ಬಾಯಿಪಾಠ ಮಾಡಿದಷ್ಟು ಚೆನ್ನಾಗಿತ್ತು.

ಮಧ್ಯಾಹ್ನ ಅವನು ಕೆಂಪು ಝಂಡಿ ನೆಟ್ಟ. ಬಾವಿಯ ಈಚೆಗೆ, ನಮ್ಮ ತೊಗರಿ ಸಾಲಿನೊಳಗೆ. ಬಾವಿ ಆಚೆ ಉಳಿಯಿತು. ದತ್ತಪ್ಪ ಕಾಕಾ ಟೋಪಿ ತೆಗೆದು ತಲೆ ಒರೆಸಿಕೊಂಡ.

ಹೊರಗಿನವರ ಎದುರು ನಾನು ದನಿ ಎತ್ತುವವಳಲ್ಲ. ಅಂದು ಅದು ತಾನಾಗಿಯೇ ಎದ್ದಿತು.

"ನೀವು ಅವರ ಮನ್ಯಾಗ ತಿಂದು ಬಂದೀರಿ. ಮೀಸಿಮ್ಯಾಗ ಇನ್ನಾ ಸುಸಲಾ ಅದ."

ಜಹಾಂಗೀರ್ ಮೀಸೆ ಒರೆಸಿಕೊಂಡ. "ಬಸ್ಸ ತಪ್ಪಿತ್ರೀ, ಹಸಿವಿ ಆಗಿತ್ತು. ತಿಂದೀನಿ, ಸುಳ್ಳ ಯಾಕ ಹೇಳ್ಲಿ? ತಗೋರಿ, ನೀವೇ ಅಳೀರಿ. ನಾ ಟೇಪ್ ಮುಟ್ಟಂಗಿಲ್ಲ."

ಅವನ ನಕ್ಷೆಯನ್ನು ನೋಟಿಸಿನ ಜೊತೆ ಬಂದಿದ್ದ ನಕಲಿನ ಪಕ್ಕದಲ್ಲಿ ಹಿಡಿದು ನೋಡಿದೆ. ಎರಡರಲ್ಲೂ ರಸ್ತೆಯ ಕಲ್ಲಿನಿಂದ ಬಾವಿಯ ಮೂಲೆಯ ಕಲ್ಲಿಗೆ ಒಂಬತ್ತು ಸರಪಳಿ.

"ಸರಪಳಿಗೆ ಮೂವತ್ಮೂರು ಫೂಟು. ಒಂಬತ್ತಕ್ಕ ಇನ್ನೂರಾ ತೊಂಬತ್ತೇಳು," ಎಂದ ಅವನು. "ರಸ್ತಿ ಕಲ್ಲಿನ ಮ್ಯಾಲ ನಂಬಿಕಿ ಅದ ಏನ್ರೀ ಅಮ್ಮಾ?"

"ಅದು ನಮ್ಮ ಮಾವನ ಕಾಲದ್ದು. ಅದರ ತಂಟಿಗೆ ಯಾರೂ ಹೋಗಿಲ್ಲ," ಎಂದಳು ಅವ್ವ.

ಟೇಪಿನ ಇನ್ನೊಂದು ತುದಿ ಹಿಡಿದವನು ದತ್ತಪ್ಪ ಕಾಕಾ. ಅವನು ಸಡಿಲ ಬಿಡುತ್ತಿದ್ದಾನೆ ಎನಿಸಿ ನಾನು ಜಗ್ಗಿದೆ.

"ಎಷ್ಟ ಜಗ್ತೀಯವ್ವಾ, ಹರದೀತು! ಜಗ್ಗಿದ್ರ ಬಾವಿ ನಿನ್ನ ಕಡಿ ಬರ್ತದೇನು?"

ಝಂಡಿಯವರೆಗೆ ಇನ್ನೂರಾ ತೊಂಬತ್ತೇಳು ಅಡಿ. ತುದಿ ಬದಲಿಸಿಕೊಂಡು ಮತ್ತೆ ಅಳೆದೆ. ಅಷ್ಟೇ. ಸುಣ್ಣದ ಕಲ್ಲಿಗೆ ಮುನ್ನೂರಾ ಎಂಟು.

"ಈ ಕಲ್ಲ ಹನ್ನೊಂದು ಫೂಟು ಸರದದ," ಜಹಾಂಗೀರ್ ಮೆಲ್ಲಗೆ ಹೇಳಿದ. "ದತ್ತಪ್ಪ ಸರಸಿದ್ದಾದ್ರ ನಿಮ್ಮ ಕಡಿ ಸರೀತಿತ್ತು. ಇದು ಅವರ ಹೊಲದಾಗ ಹೋಗ್ಯದ."

ನಾನು ಅವ್ವನ ಕಡೆ ನೋಡಿದೆ. ಅವಳು ಸೆರಗಿನ ತುದಿ ಸುತ್ತುತ್ತಿದ್ದಳು.

"ನಿಮ್ಮಪ್ಪ ಕಿತ್ತಿದ್ದ," ಎಂದಳು. "ನೀ ಇನ್ನಾ ತೊಟ್ಟಿಲದಾಗ ಇದ್ದಿ. ಎಳ್ಳಮಾಸಿಗೆ ಪಾಂಡವರನ್ನ ಕೂಡಸಾಕ ಐದು ಕಲ್ಲ ಬೇಕಿತ್ತು, ನಾಲ್ಕೇ ಸಿಕ್ಕಿದ್ವು, ಇದನ್ನ ಐದನೇದು ಮಾಡಿದ. ಪೂಜಿ ಆದ ಮ್ಯಾಲ ತಿರುಗಿ ನಟ್ಟ."

"ಸುಣ್ಣ ಹಚ್ಚಿದ ಕಲ್ಲ, ದೇವರಂತ ಇಷ್ಟು ವರ್ಷ ಅದನ್ನ ಮುಟ್ಟದ ಸುತ್ತಾ ನೇಗಿಲ ಹೊಡದೀನಿ," ದತ್ತಪ್ಪ ಕಾಕಾ ಹೇಳಿದ. "ಅನುಮಾನ ಇತ್ತು. ನಿಮ್ಮಪ್ಪ ನನ್ನ ದೋಸ್ತ, ಅವ ಇರೋತನಕ ಬಾಯಿ ತೆರೀಲಿಲ್ಲ."

"ಅವ್ವಾ, ಬಾವಿ ಯಾವಾಗ ತೋಡಿಸಿದ್ದು?"

"ಆ ಬ್ಯಾಸಿಗ್ಯಾಗನ."

ಎಳ್ಳಮಾವಾಸ್ಯೆಗೂ ಬೇಸಿಗೆಗೂ ನಡುವೆ ಮೂರೋ ನಾಲ್ಕೋ ತಿಂಗಳು. ಅಪ್ಪ ಬಿತ್ತಿದ ಸಾಲುಗಳು ದಾರ ಹಿಡಿದ ಹಾಗೆ ನೆಟ್ಟಗಿರುತ್ತಿದ್ದವು ಎಂದು ಊರಲ್ಲಿ ಈಗಲೂ ಹೇಳುತ್ತಾರೆ. ಅಂಥವನ ಕಣ್ಣು ಹನ್ನೊಂದು ಅಡಿ ತಪ್ಪೀತೆ? ಅವ್ವ ನನ್ನ ಮುಖದಲ್ಲಿ ಆ ಪ್ರಶ್ನೆಯನ್ನು ಓದಿಕೊಂಡಳು; ಕಣ್ಣು ಬೇರೆಡೆ ಹೊರಳಿಸಿದಳು.

ಜಹಾಂಗೀರ್ ಪಂಚನಾಮೆ ಬರೆದ. ಹೊಲ ಈಗ ನನ್ನ ಹೆಸರಿನಲ್ಲಿರುವುದರಿಂದ ಸಹಿ ನನ್ನದೇ ಬೇಕಿತ್ತು.

"ಒಪ್ಪಿಗಿ ಇಲ್ಲಂದ್ರ ಹಾಂಗಂತ ಬರೀರಿ, ಅಪೀಲ್ ಹಾಕ್ರಿ. ಅದು ನಿಮ್ಮ ಹಕ್ಕು."

"ಸಹಿ ಮಾಡಬ್ಯಾಡ ಭುವನೇಶ್ವರಿ," ಎಂದಳು ಅವ್ವ. "ಪೂಜಿ ತಗೊಂಡ ಕಲ್ಲದು."

ಹಾಳೆಯನ್ನು ಎರಡು ಸಲ ಓದಿದೆ. ಒಂದೊಂದು ಅಂಕಿಯನ್ನೂ ನಾನೇ ಅಳೆದು ಗೀಚಿಕೊಂಡದ್ದರ ಜೊತೆ ಹೋಲಿಸಿದೆ. ಒಂದಾದರೂ ತಪ್ಪು ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ಸಹಿ ಮಾಡಿದೆ.

ಅವ್ವ ನನಗಾಗಿ ಕಾಯದೆ ರಸ್ತೆಯ ಕಡೆ ಹೊರಟಳು.

"ಈ ವರ್ಷದ ತೊಗರಿಗೆ ನೀರ ತಗೋರೆವ್ವಾ," ದತ್ತಪ್ಪ ಕಾಕಾ ಹಿಂದಿನಿಂದ ಕೂಗಿ ಹೇಳಿದ.

ಆಗಲಿ ಎಂದು ತಲೆಯಾಡಿಸಿದೆ. ಇದಕ್ಕೆ ಬದಲಾಗಿ ಅವನಿಗೆ ಏನು ಬೇಕಿರಬಹುದು ಎಂದು ಯೋಚಿಸುತ್ತ ಅವ್ವನ ಹಿಂದೆ ನಡೆದೆ.